ವಿಡಿಯೊ ಟೇಪಿನೊಳಗಿನ ಬೈಠಕ್: 16 ಬಿಟ್‌ನಿಂದ 88.2ರ ಡಿಸ್ಕಿಗೆ

ಈ ಟೇಪನ್ನು ಟಿವಿಗೆ ಹಚ್ಚಿದರೆ ಹಾಡು ಕೇಳುವುದಿಲ್ಲ. ಪರದೆ ತುಂಬ ಕಪ್ಪು ಬಿಳಿ ಚುಕ್ಕಿಗಳು ಕುದಿಯುತ್ತವೆ, ಅಷ್ಟೇ. ಟೇಪ್ ಕೆಟ್ಟಿದೆ ಅಂತ ಎಷ್ಟೋ ಮನೆಗಳಲ್ಲಿ ಇಂಥವನ್ನು ಎಸೆದಿರಬಹುದು. ಆದರೆ ಆ ಚುಕ್ಕಿಗಳೇ ಹಾಡು. 1980ರ ದಶಕದ ಮೊದಲ ವರ್ಷಗಳಲ್ಲಿ ಮನೆಯಲ್ಲಿ ಡಿಜಿಟಲ್ ರೆಕಾರ್ಡಿಂಗ್ ಮಾಡಬೇಕೆಂದರೆ ಇದೇ ದಾರಿ ಇತ್ತು. ಅಷ್ಟು ಡೇಟಾ ಹಿಡಿಯುವ, ಕೈಗೆಟುಕುವ ಯಂತ್ರ ವಿಸಿಆರ್ ಒಂದೇ. ಹಾಗಾಗಿ ಒಂದು ಪ್ರೊಸೆಸರ್ ಧ್ವನಿಯನ್ನು ಅಂಕಿ ಮಾಡಿ, ಆ ಅಂಕಿಗಳನ್ನು ವಿಡಿಯೊ ಚಿತ್ರದ ವೇಷ ಹಾಕಿಸಿ ವಿಸಿಆರ್‌ಗೆ ಕೊಡುತ್ತಿತ್ತು.

ನಮ್ಮ ಕಾಕಾ ಮಸ್ಕತ್‌ನಲ್ಲಿ ಕೆಲಸದಲ್ಲಿದ್ದರು. ಅಲ್ಲಿಂದ ಬರುವಾಗ ಸೋನಿಯ ಪಿಸಿಎಂ-ಎಫ್1 ಪ್ರೊಸೆಸರ್ ತಂದಿದ್ದರು, ಪಾಲ್ ವಿಡಿಯೊಗೆ (ಆಗಿನ ನಮ್ಮ ಟಿವಿ ಪದ್ಧತಿ) ಹೊಂದುವಂಥದ್ದು. ಜೊತೆಗೆ ಒಂದು ವಿಎಚ್‌ಎಸ್ ವಿಸಿಆರ್. ಬೆಳಗಾವಿಯ ಟಿಳಕವಾಡಿಯ ಮನೆಯ ಪಡಸಾಲೆಯಲ್ಲಿ ನಡೆದ ಬೈಠಕ್‌ಗಳನ್ನು ಎರಡು ಮೈಕ್ ಇಟ್ಟು ರೆಕಾರ್ಡ್ ಮಾಡಿದರು. ಆ ಟೇಪುಗಳ ಧ್ವನಿಯನ್ನು ಎತ್ತಿ, ಸಿಡಿಗಿಂತ ಹೆಚ್ಚು ವಿವರ ಹಿಡಿಯುವ ಹೈ-ರೆಸಲ್ಯೂಷನ್ ಡಿಸ್ಕಿಗೆ ಹಾಕಿದ ಕಥೆ ಇದು. ಹಾಡಿದವರ ಹೆಸರು ಇಲ್ಲಿ ಬರೆಯುವುದಿಲ್ಲ. ನಮ್ಮ ಕಾನೂನಿನಲ್ಲಿ ಕಲಾವಿದರ ಹಕ್ಕು 50 ವರ್ಷ ಇರುತ್ತದೆ. ಅವರ ಮನೆಯವರ ಜೊತೆ ಮಾತು ಮುಗಿಯುವವರೆಗೆ ಇದು ಮನೆಯ ಮಟ್ಟಿಗಿನ ಕೆಲಸ.

ಎಫ್1 ಈಗ ಸತ್ತಿದೆ. ಪವರ್ ಕೊಟ್ಟರೆ ದೀಪ ಹತ್ತುತ್ತದೆ, ಮುಂದೆ ಏನೂ ಇಲ್ಲ. ಅದನ್ನು ಎಬ್ಬಿಸುವ ಗೋಜಿಗೆ ನಾನು ಹೋಗಲಿಲ್ಲ. ಕಾರಣ ಇದೆ. ಆ ಯಂತ್ರಕ್ಕೆ ಡಿಜಿಟಲ್ ಔಟ್ ಇಲ್ಲ. ಅದು ಸರಿಹೋದರೂ ಅದರ ಹಳೆಯ ಪರಿವರ್ತಕದಿಂದ ಹೊರಬಂದ ಅನಲಾಗ್ ಧ್ವನಿಯನ್ನು ಮತ್ತೆ ಅಂಕಿ ಮಾಡಬೇಕು. ಟೇಪಿನಲ್ಲಿ ಅಂಕಿಗಳೇ ಇರುವಾಗ ಅವನ್ನೇ ನೇರವಾಗಿ ಎತ್ತಿಕೊಳ್ಳುವುದು ಒಳ್ಳೆಯದು, ಅಲ್ವಾ?

ಮೊದಲ ಕೆಲಸ ಬೂಷ್ಟು. ಬೆಳಗಾವಿಯ ಮಳೆಗಾಲ ಗೊತ್ತಿರುವವರಿಗೆ ಇದನ್ನು ಹೇಳಬೇಕಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿಗೂ ಬೂಷ್ಟು, ಪುಸ್ತಕಕ್ಕೂ ಬೂಷ್ಟು. ಟೇಪಿನ ಸುರುಳಿಯ ಅಂಚಿನಲ್ಲಿ ಬಿಳಿ ಪುಡಿ ಕೂತಿತ್ತು. ಇಂಥ ಟೇಪನ್ನು ಒಳ್ಳೆಯ ವಿಸಿಆರ್‌ಗೆ ಹಾಕಬೇಡಿ. ಟೇಪ್ ಓದುವ ಹೆಡ್ ಕೆಡುತ್ತದೆ, ಆಮೇಲೆ ಹಾಕುವ ಎಲ್ಲ ಟೇಪಿಗೂ ಬೂಷ್ಟು ಹರಡುತ್ತದೆ. ಟೇಪುಗಳನ್ನು ಮೊದಲು ಸಿಲಿಕಾ ಜೆಲ್ ಚೀಲಗಳ ಜೊತೆ ಸ್ಟೀಲ್ ಡಬ್ಬಿಯಲ್ಲಿಟ್ಟು ಒಣಗಿಸಿದೆ. ಆಮೇಲೆ ಒಂದು ಹಾಳು ವಿಸಿಆರ್‌ನ ಹೆಡ್ ಡ್ರಮ್ ತೆಗೆದು, ಟೇಪ್ ಹಾಯುವ ದಾರಿಯಲ್ಲಿ ನೂಲು ಬಿಡದ ಬಟ್ಟೆಯ ಪಟ್ಟಿ ಕೂರಿಸಿದೆ. ಬಟ್ಟೆಗೆ 99 ಪರ್ಸೆಂಟಿನ ಐಸೊಪ್ರೊಪೈಲ್ ಆಲ್ಕೋಹಾಲ್. ಟೇಪಿನ ಎರಡೂ ಮೈ ಒರೆಸಿಕೊಂಡು ಹೋಗುತ್ತದೆ. ಬಟ್ಟೆ ಪದೇ ಪದೇ ಬದಲಿಸಬೇಕು. ಇದನ್ನು ಮನೆಯೊಳಗೆ ಮಾಡಬೇಡಿ, ಮಾಳಿಗೆ ಮೇಲೆ ಎನ್-95 ಮಾಸ್ಕ್ ಹಾಕಿಕೊಂಡು ಮಾಡಿ. ಬೂಷ್ಟಿನ ಪುಡಿ ಪುಪ್ಪುಸಕ್ಕೆ ಒಳ್ಳೆಯದಲ್ಲ.

ಓಡಿಸುವ ವಿಸಿಆರ್‌ನಲ್ಲಿ ಬೆಲ್ಟ್ ಸಡಿಲಾಗಿತ್ತು, ಗ್ರೀಸ್ ಗಟ್ಟಿಯಾಗಿತ್ತು. ಅವು ಸಣ್ಣ ಕೆಲಸ. ಪಿಂಚ್ ರೋಲರ್ ಮಾತ್ರ ತಲೆನೋವು. ರಬ್ಬರ್ ಕಲ್ಲಿನಂತಾಗಿ, ಟೇಪ್ ಮೇಲಕ್ಕೆ ಹತ್ತಿ ಅಂಚು ಮಡಚುತ್ತಿತ್ತು. ಬಿಡಿಭಾಗ ಸಿಗಲಿಲ್ಲ. ಆದರೆ ನಮ್ಮೂರಲ್ಲಿ ಉದ್ಯಮಬಾಗ ಇದೆ. ಫೌಂಡ್ರಿ, ಲೇಥು, ಹೈಡ್ರಾಲಿಕ್ಸ್ ಕೆಲಸದ ಜಾಗ. ಅಲ್ಲಿ ದೊಡ್ಡ ಮಶೀನುಗಳ ರೋಲರ್‌ಗೆ ರಬ್ಬರ್ ಹೊದಿಸಿಕೊಡುವ ಒಬ್ಬರ ಹತ್ತಿರ ಹೋದೆ. ಅವರು ರೋಲರನ್ನು ಬೆರಳಲ್ಲಿ ತಿರುಗಿಸಿ ನೋಡಿದರು.

"ಇಷ್ಟ ಸಣ್ಣದು ಇಲ್ಲಿಗೆ ಯಾರೂ ತರಂಗಿಲ್ರೀ ಸರ. ಅಳತಿ ಎಷ್ಟ ಕರೆಕ್ಟ್ ಬೇಕ್ರಿ?"

ದಪ್ಪ ಕೂದಲೆಳೆಯಷ್ಟು ಹೆಚ್ಚು ಕಡಿಮೆ ಆದರೂ ನಡೆಯುತ್ತದೆ, ಆದರೆ ದುಂಡಗಿರಬೇಕು, ಎರಡೂ ತುದಿ ಒಂದೇ ಅಳತೆ ಇರಬೇಕು ಅಂದೆ. ಟೇಪಿನ ವೇಗ ಹಿಡಿಯುವುದು ಕ್ಯಾಪ್‌ಸ್ಟನ್ ಎಂಬ ಸ್ಟೀಲ್ ಕಡ್ಡಿ. ರೋಲರ್ ಟೇಪನ್ನು ಅದಕ್ಕೆ ಒತ್ತಿ ಹಿಡಿಯುತ್ತದೆ, ಅಷ್ಟೇ. ಅವರು ಗ್ರೈಂಡ್ ಮಾಡಿ, ಮೈಕ್ರೋಮೀಟರ್ ಹಚ್ಚಿ ತೋರಿಸಿ ಕೊಟ್ಟರು. ಟೇಪ್ ನೆಟ್ಟಗೆ ಓಡಿತು.

ಇಲ್ಲಿ ಒಂದು ಸಮಾಧಾನದ ಸಂಗತಿ ಇದೆ. ಅನಲಾಗ್ ಟೇಪಿನಲ್ಲಿ ವೇಗ ಅಲುಗಿದರೆ ಸ್ವರ ಅಲುಗುತ್ತದೆ. ಇದರಲ್ಲಿ ಹಾಗಾಗುವುದಿಲ್ಲ. ಅಂಕಿಗಳನ್ನು ಓದಿಕೊಂಡು, ಹೊಸ ಗಡಿಯಾರದ ತಾಳಕ್ಕೆ ಜೋಡಿಸುತ್ತೇವೆ. ಷಡ್ಜ ಇದ್ದಲ್ಲೇ ಇರುತ್ತದೆ. ಅಮೆರಿಕ, ಜಪಾನಿನ ಎನ್‌ಟಿಎಸ್‌ಸಿ ಪದ್ಧತಿಯ ಟೇಪ್ ಆಗಿದ್ದರೆ ಮಾತ್ರ ನೆನಪಿಡಬೇಕು. ಅದರ ವೇಗ ಸೆಕೆಂಡಿಗೆ 44,056 ಸ್ಯಾಂಪಲ್ (ಧ್ವನಿಯನ್ನು ಒಮ್ಮೆ ಅಳೆದು ಬರೆದ ಅಂಕಿಯೇ ಒಂದು ಸ್ಯಾಂಪಲ್). ಅದನ್ನು 44,100 ಅಂತ ಓಡಿಸಿದರೆ ಶ್ರುತಿ ಸುಮಾರು 1.7 ಸೆಂಟ್ (ಅರ್ಧಸ್ವರದ ನೂರನೇ ಒಂದು ಪಾಲು ಒಂದು ಸೆಂಟ್) ಏರುತ್ತದೆ. ನಮ್ಮದು ಪಾಲ್, ಹಾಗಾಗಿ ಆ ಚಿಂತೆ ಇಲ್ಲ.

ಈಗ ಚುಕ್ಕಿಗಳ ಲೆಕ್ಕ. ಒಂದು ಫೀಲ್ಡ್‌ನಲ್ಲಿ, ಅಂದರೆ ವಿಡಿಯೊದ ಅರ್ಧ ಚಿತ್ರದಲ್ಲಿ, 294 ಗೆರೆಗಳಲ್ಲಿ ಡೇಟಾ. ಒಂದು ಗೆರೆಗೆ ಪ್ರತಿ ಚಾನೆಲ್‌ನ 3 ಸ್ಯಾಂಪಲ್. ಸೆಕೆಂಡಿಗೆ 50 ಫೀಲ್ಡ್. ಗುಣಿಸಿ ನೋಡಿ: 44,100. ಸಿಡಿಯ ಆ ವಿಚಿತ್ರ ಸಂಖ್ಯೆ ಬಂದಿದ್ದು ವಿಡಿಯೊ ಟೇಪಿನ ಈ ಗೆರೆಗಳಿಂದಲೇ. ಪ್ರತಿ ಗೆರೆಯಲ್ಲಿ 128 ಬಿಟ್, ಅಂದರೆ ಅಷ್ಟು ಸೊನ್ನೆ ಅಥವಾ ಒಂದು. ಅದರಲ್ಲಿ ಆರು ಸ್ಯಾಂಪಲ್, ದುರಸ್ತಿಗೆಂದು ಪಿ ಮತ್ತು ಕ್ಯೂ ಎಂಬ ಎರಡು ಪದ (ಒಂದು ಅಂಕಿಯ ಬಿಟ್‌ಗಳ ಗುಂಪಿಗೆ ಪದ ಅಂತಾರೆ), ಕೊನೆಗೆ 16 ಬಿಟ್‌ನ ಸಿಆರ್‌ಸಿ. ಗೆರೆ ಸರಿಯಾಗಿ ಓದಿದೆಯೋ ಇಲ್ಲವೋ ಎಂದು ಹೇಳುವುದು ಈ ಸಿಆರ್‌ಸಿ. ಮೂಲ ಪದ್ಧತಿಯಲ್ಲಿ ಒಂದು ಸ್ಯಾಂಪಲ್‌ಗೆ 14 ಬಿಟ್. ಸೋನಿಯವರು ಕ್ಯೂ ಪದದ ಜಾಗವನ್ನು ಬಳಸಿಕೊಂಡು, ಉಳಿದ ಏಳು ಪದಗಳಿಗೂ ಎರಡೆರಡು ಬಿಟ್ ಸೇರಿಸಿ 16 ಬಿಟ್ ಮಾಡಿದರು. ಕಾಕಾ ಸ್ವಿಚ್ಚನ್ನು 16ಕ್ಕೆ ಇಟ್ಟಿದ್ದರು. ಧ್ವನಿ ನಯವಾಗುತ್ತದೆ, ಆದರೆ ದುರಸ್ತಿಯ ಅರ್ಧ ಬಲ ಹೋಗುತ್ತದೆ.

ಆ ಬಲ ಎಷ್ಟು ಅಂದರೆ, ಒಂದು ಗುಂಪಿನ ಪದಗಳನ್ನು 16 ಗೆರೆಗಳ ಅಂತರದಲ್ಲಿ ಹರಡಿ ಬರೆದಿರುತ್ತಾರೆ. ಹಾಗಾಗಿ ಒಟ್ಟಿಗೆ 16 ಗೆರೆ ಹಾಳಾದರೂ ಪ್ರತಿ ಗುಂಪಿನಲ್ಲಿ ಒಂದೇ ಪದ ಹೋಗುತ್ತದೆ, ಅದನ್ನು ಪಿ ಒಂದೇ ತುಂಬಿಕೊಡುತ್ತದೆ. ಟೇಪಿನ ಮೇಲೆ ಹೆಡ್ ಬರೆದ ಟ್ರ್ಯಾಕಿನ ಉದ್ದಕ್ಕೆ ಇದು ಸುಮಾರು 5 ಮಿಲಿಮೀಟರ್. ಬೂಷ್ಟಿನ ಕಲೆ ಅದಕ್ಕಿಂತ ಚಿಕ್ಕದಿದ್ದರೆ ನಮಗೆ ಗೊತ್ತೇ ಆಗುವುದಿಲ್ಲ.

ಇದನ್ನು ತಿಳಿದ ಮೇಲೆ ಸಾಮಾನ್ಯ ಕ್ಯಾಪ್ಚರ್ ಕಾರ್ಡ್ ಬೇಡ ಅನಿಸಿತು. ಅವು ಪಾಲ್‌ನಲ್ಲಿ ಚಿತ್ರದ 576 ಗೆರೆ, ಅಂದರೆ ಫೀಲ್ಡ್‌ಗೆ 288 ಹಿಡಿಯುತ್ತವೆ. ನಮಗೆ ಬೇಕಾದ್ದು 294. ಹೋದ ಆ ಗೆರೆಗಳನ್ನು ಪಿ ತುಂಬಿಕೊಡಬಲ್ಲದು, ನಿಜ. ಆದರೆ ಒಳ್ಳೆಯ ಟೇಪಿನಲ್ಲೂ ಪ್ರತಿ ಫೀಲ್ಡ್‌ನಲ್ಲಿ ದುರಸ್ತಿಯ ಬಲವನ್ನು ಸುಮ್ನೆ ಖರ್ಚು ಮಾಡಿದ ಹಾಗೆ. ಅದೇ ಜಾಗದಲ್ಲಿ ಬೂಷ್ಟೂ ಇದ್ದರೆ ಮುಗಿಯಿತು. ಅದಕ್ಕೇ ಸಿಎಕ್ಸ್2388 ಸರಣಿಯ ಚಿಪ್ಪಿರುವ ಒಂದು ಹಳೆಯ ಟಿವಿ ಟ್ಯೂನರ್ ಕಾರ್ಡ್ ಹುಡುಕಿದೆ. ಲಿನಕ್ಸ್‌ನಲ್ಲಿ ಸಿಎಕ್ಸ್‌ಎಡಿಸಿ ಎಂಬ ಡ್ರೈವರ್ ಹಾಕಿದರೆ ಈ ಕಾರ್ಡ್ ಚಿತ್ರ ಮಾಡುವ ಕೆಲಸ ಬಿಟ್ಟು, ಒಳಬಂದ ಸಿಗ್ನಲ್ಲನ್ನು ಕಚ್ಚಾ ರೂಪದಲ್ಲೇ ಬರೆದುಕೊಡುತ್ತದೆ. ಸೆಕೆಂಡಿಗೆ 2 ಕೋಟಿ 86 ಲಕ್ಷ ಸ್ಯಾಂಪಲ್, 8 ಬಿಟ್. ಕಪ್ಪು ಬಿಳಿ ಬೇರ್ಪಡಿಸಲು 8 ಬಿಟ್ ಧಾರಾಳ. ಒಂದು ಗಂಟೆಗೆ 103 ಜಿಬಿ ಆಗುತ್ತದೆ. ಡಿಸ್ಕ್ ಜಾಗ ಮೊದಲೇ ನೋಡಿಕೊಳ್ಳಿ.

ಇನ್ನೊಂದು ಅಪಾಯ ವಿಸಿಆರ್ ಒಳಗೇ ಕೂತಿರುತ್ತದೆ. ಟೇಪಿನಲ್ಲಿ ಒಂದು ಗೆರೆ ಓದಲಾಗದಿದ್ದರೆ ವಿಸಿಆರ್ ಹಿಂದಿನ ಗೆರೆಯನ್ನೇ ನಕಲು ಮಾಡಿ ಅಲ್ಲಿ ಇಡುತ್ತದೆ. ಡ್ರಾಪ್‌ಔಟ್ ಕಾಂಪೆನ್ಸೇಟರ್ ಅಂತಾರೆ. ಸಿನಿಮಾಕ್ಕೆ ಇದು ವರ, ಕಣ್ಣಿಗೆ ತಿಳಿಯುವುದೇ ಇಲ್ಲ. ನಮಗೆ ಇದು ಶುದ್ಧ ಸುಳ್ಳು. ನಕಲಾದ ಗೆರೆಯ ಸಿಆರ್‌ಸಿ ಪಕ್ಕಾ ಸರಿ ಇರುತ್ತದೆ, ಒಳಗಿನ ಸ್ಯಾಂಪಲ್ ಮಾತ್ರ ಬೇರೆ ಜಾಗದ್ದು. ತಪ್ಪು ಅಂತ ಗೊತ್ತಾದರೆ ಪಿ ಸರಿ ಮಾಡುತ್ತಿತ್ತು. ಸರಿ ಅಂತ ನಂಬಿದ್ದರಿಂದ 'ಟಪ್' ಅಂತ ಸದ್ದು ಹಾಗೇ ಉಳಿಯುತ್ತದೆ. ಬೀಟಾಮ್ಯಾಕ್ಸ್ ಎಂಬ ಇನ್ನೊಂದು ಬಗೆಯ ಟೇಪಿನ ಆ ಕಾಲದ ಕೆಲವು ಯಂತ್ರಗಳಲ್ಲಿ ಇದನ್ನು ನಿಲ್ಲಿಸಲು ಪಿಸಿಎಂ ಎಂಬ ಸ್ವಿಚ್ಚೇ ಇರುತ್ತಿತ್ತು. ನಮ್ಮ ವಿಎಚ್‌ಎಸ್‌ನಲ್ಲಿ ಇಲ್ಲ. ಸರ್ವಿಸ್ ಮ್ಯಾನ್ಯುವಲ್ ನೋಡಿ, ಆ ಭಾಗಕ್ಕೆ ಸೂಚನೆ ಹೋಗುವ ತಂತಿಯನ್ನು ಬಿಡಿಸಿದೆ. ಸ್ಕ್ರಿಪ್ಟಿನಲ್ಲೂ ಒಂದು ಕಾವಲು ಇಟ್ಟೆ: ಎರಡು ಗೆರೆ ಬಿಟ್ಟಿಗೆ ಬಿಟ್ ಒಂದೇ ಇದ್ದರೆ ಎರಡನೆಯದನ್ನು ನಂಬಬೇಡ.

ಸ್ಕ್ರಿಪ್ಟ್ ಪೈಥಾನ್‌ನಲ್ಲಿದೆ. ಪ್ರತಿ ಗೆರೆಯ ಆರಂಭ ಹುಡುಕುತ್ತದೆ. ಗೆರೆಯ ಕೊನೆಯಲ್ಲಿರುವ ಬಿಳಿ ಪಟ್ಟಿಯನ್ನು ನೋಡಿ ಕಪ್ಪು ಬಿಳಿಯ ನಡುವಿನ ಮಟ್ಟ ಹಾಕಿಕೊಳ್ಳುತ್ತದೆ. ಬಿಟ್ ಎತ್ತುತ್ತದೆ, ಸಿಆರ್‌ಸಿ ನೋಡುತ್ತದೆ. ತಪ್ಪಿದ್ದರೆ ಮಟ್ಟವನ್ನು ಸ್ವಲ್ಪ ಏರಿಸಿ ಇಳಿಸಿ ಮತ್ತೆ ಪ್ರಯತ್ನಿಸುತ್ತದೆ. ಆ ಕಾಲದ ಪ್ರೊಸೆಸರ್‌ಗೆ ಇಂಥ ವ್ಯವಧಾನ ಇರಲಿಲ್ಲ, ಟೇಪ್ ಓಡುತ್ತಲೇ ಇರುತ್ತಿತ್ತು. ನಮ್ಮ ಹತ್ತಿರ ಕಚ್ಚಾ ಸಿಗ್ನಲ್ ಇದೆ, ಒಂದೇ ಗೆರೆಯನ್ನು ಎಷ್ಟು ಸಲ ಬೇಕಾದರೂ ಓದಬಹುದು. ಒಂದೇ ಟೇಪನ್ನು ಇನ್ನೊಮ್ಮೆ ಓಡಿಸಿ, ಎರಡು ಓಟಗಳಲ್ಲಿ ಯಾವುದರ ಗೆರೆ ಸರಿ ಇದೆಯೋ ಅದನ್ನು ಆರಿಸುವುದೂ ಆಯಿತು. ತುಂಬ ಜಾಗಗಳು ಇದರಿಂದಲೇ ಉಳಿದವು.

ಇಷ್ಟಾದ ಮೇಲೆ ಕೈಗೆ ಬಂದದ್ದು 16 ಬಿಟ್, 44.1 ಕಿಲೋಹರ್ಟ್ಸ್ (ಸೆಕೆಂಡಿಗೆ 44,100 ಸ್ಯಾಂಪಲ್). ಸಿಡಿಯಷ್ಟೇ. ಹಾಗಾದರೆ ಹೈ-ರೆಸಲ್ಯೂಷನ್ ಡಿಸ್ಕ್ ಯಾಕೆ?

ಇದನ್ನು ನೇರವಾಗಿ ಹೇಳಿಬಿಡುತ್ತೇನೆ. 44.1ರಲ್ಲಿ ಹಿಡಿದ ಧ್ವನಿಯಲ್ಲಿ ಅದರ ಅರ್ಧವಾದ 22.05 ಕಿಲೋಹರ್ಟ್ಸ್‌ಗಿಂತ ಎತ್ತರದ ಧ್ವನಿ ಏನೂ ಇಲ್ಲ. ಅದನ್ನು 192ಕ್ಕೆ ಏರಿಸಿದರೂ ಏನೂ ಹುಟ್ಟುವುದಿಲ್ಲ. ಮೂಲದಲ್ಲೇ ಹೆಚ್ಚಿದ್ದರೆ ಬೇರೆ ಮಾತು. ಅಮೆರಿಕದ ಸೌಂಡ್‌ಸ್ಟ್ರೀಮ್ ಯಂತ್ರ 50 ಕಿಲೋಹರ್ಟ್ಸ್‌ನಲ್ಲಿ ಹಿಡಿಯುತ್ತಿತ್ತು. 1978ರಿಂದ ಟೆಲಾರ್ಕ್ ಎಂಬ ರೆಕಾರ್ಡ್ ಕಂಪನಿ ಅದರಲ್ಲಿ ಆರ್ಕೆಸ್ಟ್ರಾ ರೆಕಾರ್ಡ್ ಮಾಡಿತು. ಸಿಡಿಗೆ ಬರುವಾಗ ಅದನ್ನು 44.1ಕ್ಕೆ ಇಳಿಸಬೇಕಾಗಿತ್ತು. ಮುಂದೆ ಎಸ್‌ಎಸಿಡಿ ಎಂಬ ಹೈ-ರೆಸಲ್ಯೂಷನ್ ಡಿಸ್ಕಿಗೆ ಹಾಕುವಾಗ 50ರಿಂದ ನೇರವಾಗಿ ಬದಲಿಸಿದರು. ಅಲ್ಲಿ ಕೇಳುಗರಿಗೆ ನಿಜವಾಗಿಯೂ ಹೆಚ್ಚು ಸಿಕ್ಕಿತು. ಬ್ರಿಟನ್ನಿನ ಡೆಕ್ಕಾ ಕಂಪನಿ 1979ರ ವಿಯೆನ್ನಾ ಹೊಸವರ್ಷದ ಕಛೇರಿಯನ್ನು ಹಿಡಿದದ್ದು ತನ್ನದೇ 48 ಕಿಲೋಹರ್ಟ್ಸ್ ಯಂತ್ರದಲ್ಲಿ. ಜಪಾನಿನ ಡೆನಾನ್ 1972ರಲ್ಲಿ ಶುರು ಮಾಡಿದ್ದು 47.25 ಕಿಲೋಹರ್ಟ್ಸ್, 13 ಬಿಟ್‌ನಲ್ಲಿ. ಪೆಟ್ಟಿಗೆಯ ಮೇಲಿನ ಅಂಕಿ ನೋಡಿ ದುಡ್ಡು ಕೊಡುವ ಮುಂಚೆ ಮೂಲ ಯಂತ್ರ ಯಾವುದು ಅಂತ ನೋಡಬೇಕು ಎನ್ನುವುದು ಇದಕ್ಕೇ.

ನಮ್ಮ ಟೇಪಿನ ವಿಷಯದಲ್ಲಿ 88.2 ಕಿಲೋಹರ್ಟ್ಸ್ (44.1ರ ಎರಡರಷ್ಟು) ಬೇಕಾಗಿದ್ದು ಎರಡು ದುರಸ್ತಿಗೆ. ಎರಡೂ 44.1ರಲ್ಲಿ ಇಷ್ಟು ಚೊಕ್ಕ ಆಗುವುದಿಲ್ಲ.

ಮೊದಲನೆಯದು ಎಡ ಬಲದ ಅಂತರ. ಎಫ್1ನಲ್ಲಿ ಎರಡು ಚಾನೆಲ್‌ಗೆ ಸೇರಿ ಒಂದೇ ಪರಿವರ್ತಕ. ಅದು ಒಮ್ಮೆ ಎಡ, ಒಮ್ಮೆ ಬಲ ಅಂತ ಸರದಿಯಲ್ಲಿ ಅಳೆಯುತ್ತದೆ. ಹಾಗಾಗಿ ಎರಡರ ನಡುವೆ ಅರ್ಧ ಸ್ಯಾಂಪಲ್ ವ್ಯತ್ಯಾಸ, ಅಂದರೆ 11.3 ಮೈಕ್ರೋಸೆಕೆಂಡ್. ಅದೇ ಯಂತ್ರದಲ್ಲಿ ಕೇಳಿದಾಗ ಹೊರಗೆ ಬರುವಾಗಲೂ ಸರದಿಯೇ ಇದ್ದದ್ದರಿಂದ ವ್ಯತ್ಯಾಸ ವಜಾ ಆಗುತ್ತಿತ್ತು. ನಾವು ಅಂಕಿಗಳನ್ನೇ ಎತ್ತಿಕೊಂಡಾಗ ಅದು ಉಳಿದುಬಿಡುತ್ತದೆ. ಸ್ಟೀರಿಯೊದಲ್ಲಿ ಇದು ಕಿವಿಗೆ ಗಡಿಯಂಚಿನ ವ್ಯತ್ಯಾಸ. ಆದರೆ ಎರಡೂ ಚಾನೆಲ್ ಸೇರಿಸಿ ಮೊನೊ ಮಾಡಿದರೆ 10 ಕಿಲೋಹರ್ಟ್ಸ್‌ನಲ್ಲಿ ಅರ್ಧ ಡೆಸಿಬಲ್‌ಗಿಂತ ಸ್ವಲ್ಪ ಜಾಸ್ತಿ, 20ರಲ್ಲಿ 2.4 ಡೆಸಿಬಲ್ ಹೋಗುತ್ತದೆ. ಹೆಚ್ಚಿನವರು ಮೊಬೈಲಿನ ಒಂದೇ ಸ್ಪೀಕರಿನಲ್ಲಿ ಕೇಳುವ ಕಾಲ ಇದು. ಇದಕ್ಕೆ ಮದ್ದು ಬಹಳ ಚಂದ. 88.2ಕ್ಕೆ ಏರಿಸಿದರೆ ಆ ಅರ್ಧ ಸ್ಯಾಂಪಲ್ ಸರಿಯಾಗಿ ಒಂದು ಪೂರ್ತಿ ಸ್ಯಾಂಪಲ್ ಆಗುತ್ತದೆ. ಒಂದು ಚಾನೆಲ್ಲನ್ನು ಒಂದು ಹೆಜ್ಜೆ ಸರಿಸಿದರೆ ಕೆಲಸ ಮುಗಿಯಿತು. ಇದನ್ನು ಕಂಡಾಗ ನನಗಾದ ಖುಷಿ ಹೇಳತೀರದು. 96 ಅಥವಾ 192ಕ್ಕೆ ಏರಿಸಿದರೆ ಈ ಸರಾಗ ಲೆಕ್ಕ ಸಿಗುವುದಿಲ್ಲ.

ಎರಡನೆಯದು ಎಂಫಸಿಸ್. ಶುರುವಿನ ಡಿಜಿಟಲ್ ಯಂತ್ರಗಳಲ್ಲಿ ಮೇಲಿನ ಧ್ವನಿಯನ್ನು ಎತ್ತಿ ಬರೆದು, ಕೇಳಿಸುವಾಗ ಅಷ್ಟೇ ಇಳಿಸುತ್ತಿದ್ದರು. ಜೊತೆಗೆ ಯಂತ್ರದ ಸದ್ದೂ ಇಳಿಯಲಿ ಅಂತ. 50 ಮತ್ತು 15 ಮೈಕ್ರೋಸೆಕೆಂಡ್ ಎಂಬುದು ಅದರ ಅಳತೆ. 1 ಕಿಲೋಹರ್ಟ್ಸ್‌ನಲ್ಲಿ ಏನೂ ಇಲ್ಲದಷ್ಟು, 10ರಲ್ಲಿ 7.6 ಡೆಸಿಬಲ್, 20ರಲ್ಲಿ 9.5 ಡೆಸಿಬಲ್ ಎತ್ತರ. ಪ್ರತಿ ಫೀಲ್ಡ್‌ನ ಮೊದಲ ಗೆರೆಯಲ್ಲಿ ಡೇಟಾ ಬದಲು ಸೂಚನೆಗಳಿರುತ್ತವೆ. ಎಂಫಸಿಸ್ ಇದೆ ಅಂತ ನಮ್ಮ ಟೇಪಿನಲ್ಲಿ ಅದೇ ಹೇಳಿತು. ಹಳೆಯ ಸಿಡಿಗಳಲ್ಲೂ ಇಂಥ ಸೂಚನೆ ಇರುತ್ತದೆ. ಅದನ್ನು ಗಮನಿಸದೆ ಕಂಪ್ಯೂಟರ್‌ಗೆ ಎತ್ತಿಕೊಂಡು, "ಹಳೆಯ ಡಿಜಿಟಲ್ ಕಿವಿಗೆ ಚುಚ್ಚುತ್ತದೆ" ಅನ್ನುವವರು ಬಹಳ.

ಸಾಕ್ಸ್ ತಂತ್ರಾಂಶದಲ್ಲಿ ಇದಕ್ಕೆ ಸಿದ್ಧ ಫಿಲ್ಟರ್ ಇದೆ, ಆದರೆ ಅದು 44.1 ಮತ್ತು 48ಕ್ಕೆ ಮಾತ್ರ. ನಾನು 88.2ಕ್ಕೆ ಬೇರೆ ಬರೆದುಕೊಂಡೆ. 44.1ರಲ್ಲಿ ಇಂಥ ಸರಳ ಫಿಲ್ಟರ್‌ಗಳು 20ರ ಹತ್ತಿರ ಅನಲಾಗ್ ವಕ್ರರೇಖೆಯಿಂದ ದೂರ ಸರಿಯುತ್ತವೆ. ದರ ಎರಡರಷ್ಟಾದರೆ ಆ ತಪ್ಪು ಕಿವಿಯ ವ್ಯಾಪ್ತಿಯಿಂದ ಆಚೆ ಹೋಗುತ್ತದೆ. ಲೆಕ್ಕವೆಲ್ಲ ದಶಮಾಂಶವೂ ಉಳಿಯುವ ಫ್ಲೋಟ್ ಅಂಕಿಗಳಲ್ಲಿ, ಕೊನೆಗೆ 24 ಬಿಟ್. ಫಿಲ್ಟರ್‌ನಿಂದ ಬಂದ ಅಂಕಿಗಳನ್ನು ಮತ್ತೆ 16ಕ್ಕೆ ಕತ್ತರಿಸುವ ಅಗತ್ಯ ಇಲ್ಲ. ಕಾಕಾ ಮಟ್ಟವನ್ನು ಬಹಳ ಹುಷಾರಾಗಿ ಇಟ್ಟಿದ್ದರು, ಜೋರಿನ ತಾನ್‌ಗಳಲ್ಲೂ ಮೀಟರಿನ ತುದಿಗೆ ತಾಗಿಲ್ಲ. 24 ಬಿಟ್‌ನಲ್ಲಿ ಅದನ್ನು ನಿಶ್ಚಿಂತೆಯಿಂದ ಏರಿಸಬಹುದು. ಜೋರು ಮೆಲುವಿನ ಅಂತರ ಕುಗ್ಗಿಸುವ ಕಂಪ್ರೆಸರ್ ಮುಟ್ಟಲಿಲ್ಲ. ವಿಲಂಬಿತದ ಮೆಲುದನಿ ಮೆಲ್ಲಗೇ ಇರಬೇಕು.

ಫಲ ಮೊದಲು ಗೊತ್ತಾದದ್ದು ಹಾರ್ಮೋನಿಯಂನಲ್ಲಿ. ಬೆಳಗಾವಿಯವರಿಗೆ ಈ ವಾದ್ಯದ ಕಿವಿ ಚೆನ್ನಾಗಿದೆ. ರಾಮಭಾವು ವಿಜಾಪುರೆಯವರು ದಶಕಗಳ ಕಾಲ ಕಲಿಸಿದ ಊರು ಇದು. ಎಂಫಸಿಸ್ ಇಳಿಸುವ ಮುಂಚೆ ರೀಡುಗಳು ತಗಡಿನಂತೆ ಕೇಳುತ್ತಿದ್ದವು, ತಬಲಾದ ಚಾಟಿ ಚುಚ್ಚುತ್ತಿತ್ತು. ಇಳಿಸಿದ ಮೇಲೆ ಮರದ ಪೆಟ್ಟಿಗೆಯ ಮೈ ಕೇಳಿಸಿತು, ತಾನ್‌ಪುರದ ಜವಾರಿ, ಅಂದರೆ ತಂತಿಯ ಝೇಂಕಾರ, ಬಿಚ್ಚಿಕೊಂಡಿತು.

ಮಳೆಯ ವಿಚಾರ ಕಷ್ಟದ್ದು. ಒಂದು ಬೈಠಕ್ ಪೂರ್ತಿ ಹಂಚಿನ ಮೇಲೆ ಮಳೆ ಸುರಿದಿದೆ. ನಾಯ್ಸ್ ರಿಡಕ್ಷನ್ ಹಾಕಿದರೆ ಮಳೆ ಹೋಗುತ್ತದೆ. ಜೊತೆಗೆ ಜವಾರಿಯ ಮೇಲಿನ ಎಳೆಗಳೂ ಹೋಗುತ್ತವೆ, ಎರಡೂ ಒಂದೇ ಜಾಗದಲ್ಲಿವೆ. ಕಾಕಾನ ಹೆಂಡತಿ, ನಮ್ಮ ಕಾಕುಗೆ ಎರಡನ್ನೂ ಕೇಳಿಸಿದೆ.

"ಮಳಿ ತಗದದ್ದು ಯಾಕೋ ಕೊಳವಿಯೊಳಗ ಕುಂತ ಹಾಡಿದಂಗ ಆತು" ಅಂದರು. "ಶ್ರಾವಣದಾಗ ಹಾಡಿದ್ದಪಾ ಅದು. ಮಳಿ ಇರ್ಲಿ."

ಅವರು ಹೇಳಿದ್ದು ನನ್ನ ಕಿವಿಗೂ ಸರಿ ಅನಿಸಿತು. ಮಳೆ ಬಿಟ್ಟೆ. 50 ಹರ್ಟ್ಸ್‌ನ ಕರೆಂಟಿನ ಗುಂಯ್ ಮತ್ತು ಅದರ 100, 150ರ ಜೊತೆಗಾರರನ್ನು ಮಾತ್ರ ಬಹಳ ಕಿರಿದಾದ ಫಿಲ್ಟರ್‌ನಿಂದ ಇಳಿಸಿದೆ. ಇಲ್ಲೂ ಮೊದಲು ಗಾಯಕರ ಷಡ್ಜ ಎಷ್ಟು ಅಂತ ಅಳೆದು, ತಾನ್‌ಪುರದ ಖರಜದ (ಅತಿ ತಗ್ಗಿನ ಷಡ್ಜದ) ತಂತಿಗೆ ತಾಗುವುದಿಲ್ಲ ಅಂತ ಖಾತ್ರಿ ಮಾಡಿಕೊಂಡೆ.

ಒಂದು ಜಾಗ ಮಾತ್ರ ಕೈಗೆ ಸಿಗಲಿಲ್ಲ. ಬೂಷ್ಟು ಟೇಪಿನ ಲೇಪನವನ್ನೇ ತಿಂದಿತ್ತು. ಬಡಾ ಖ್ಯಾಲಿನ ನಡುವೆ ಒಂದು ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವ ಎಳೆ) ಕಡಿದುಹೋಗಿದೆ. ಮುಂದಿನ ಆವರ್ತನದಿಂದ ಅದೇ ಸ್ವರ ತಂದು ಅಂಟಿಸಬಹುದಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಆ ಹೊತ್ತಿನಲ್ಲಿ ಅವರು ಹಾಡಿದ್ದು ಅದಲ್ಲ. ಎರಡೂ ಅಂಚನ್ನು ನಯವಾಗಿ ಇಳಿಸಿ, ಖಾಲಿಯನ್ನು ಖಾಲಿಯಾಗಿಯೇ ಬಿಟ್ಟೆ. ಯಾವ ನಿಮಿಷದಲ್ಲಿ ಎಂದು ಡಿಸ್ಕಿನ ಜೊತೆಯ ಕಾಗದದಲ್ಲಿ ಬರೆದಿದ್ದೇನೆ.

ಡಿಸ್ಕಿಗೆ ಡಿವಿಡಿ-ಆಡಿಯೊ ಆರಿಸಿದೆ. ಬ್ಲೂ-ರೇಯಲ್ಲಿ 48, 96, 192 ಮಾತ್ರ ನಡೆಯುತ್ತವೆ, 88.2 ನಡೆಯುವುದಿಲ್ಲ. ಎಸ್‌ಎಸಿಡಿಗಾದರೆ ಎಲ್ಲವನ್ನೂ 1 ಬಿಟ್‌ನ ಡಿಎಸ್‌ಡಿಗೆ ಬದಲಿಸಬೇಕು. ಡಿವಿಡಿ-ಆಡಿಯೊ 88.2ನ್ನು ಹಾಗೇ ಒಪ್ಪುತ್ತದೆ. ಸ್ಟೀರಿಯೊ 24 ಬಿಟ್‌ಗೆ ಒಂದು ಗಂಟೆಗೆ 1.9 ಜಿಬಿ, 4.7ರ ಡಿಸ್ಕಿನಲ್ಲಿ ಒಂದು ಬೈಠಕ್ ಆರಾಮಾಗಿ ಕೂರುತ್ತದೆ. ಓಡಿಸುವ ಪ್ಲೇಯರ್‌ಗಳು ಈಗ ಅಪರೂಪ, ಅದಕ್ಕೇ ಅದೇ ಧ್ವನಿಯನ್ನು ಏನೂ ಕಳೆಯದೆ ಕುಗ್ಗಿಸುವ ಫ್ಲ್ಯಾಕ್ ಫೈಲಾಗಿಯೂ ಇಟ್ಟಿದ್ದೇನೆ. ಕಾಕುನ ಹಳೆಯ ಪ್ಲೇಯರ್‌ಗೆ ಡಿದರ್ (ಕತ್ತರಿಸುವಾಗಿನ ತಪ್ಪನ್ನು ಮರೆಸುವ ಸಣ್ಣ ಸದ್ದು) ಹಾಕಿ 16 ಬಿಟ್‌ಗೆ ಇಳಿಸಿದ ಒಂದು ಸಿಡಿ. ಕಚ್ಚಾ ಸಿಗ್ನಲ್ಲನ್ನು ಅಳಿಸಿಲ್ಲ, ಕುಗ್ಗಿಸಿ ಎರಡು ಹಾರ್ಡ್ ಡಿಸ್ಕಿನಲ್ಲಿಟ್ಟಿದ್ದೇನೆ. ಸ್ಕ್ರಿಪ್ಟ್ ಸುಧಾರಿಸಿದರೆ ಟೇಪನ್ನು ಮತ್ತೆ ಮುಟ್ಟದೆ ಅಲ್ಲಿಂದಲೇ ಓದಬಹುದು.

ಪೆಟ್ಟಿಗೆಯಲ್ಲಿರುವ ಮುಂದಿನ ಟೇಪಿನ ಮೇಲೆ ಕಾಕಾ "14" ಅಂತ ಬರೆದಿದ್ದಾರೆ. ಅದರಲ್ಲಿ ಕ್ಯೂ ಪದವೂ ಇರುತ್ತದೆ. ಒಟ್ಟಿಗೆ 32 ಗೆರೆ ಹೋದರೂ ತುಂಬಿಕೊಳ್ಳಬಹುದು. ಕ್ಯೂ ಓದುವ ಭಾಗವನ್ನು ಸ್ಕ್ರಿಪ್ಟಿಗೆ ಸೇರಿಸುತ್ತಿದ್ದೇನೆ, ಟೇಪ್ ಸಿಲಿಕಾ ಜೆಲ್ ಡಬ್ಬಿಯಲ್ಲಿ ಒಣಗುತ್ತಿದೆ.